ಎದುರು ಕುರ್ಚಿಯ ಹದಿಮೂರು ವರ್ಷ

ಬ್ಯಾಡಗಿಯ ಯಾವ ಚಹಾದಂಗಡಿ ಮುಂದೆ ನಿಂತು ಕೇಳಿದರೂ ಗುರುಸಿದ್ದಪ್ಪ ಸಾವಕಾರರ ಬಗ್ಗೆ ಎರಡು ಕತೆಗಳಲ್ಲಿ ಒಂದು ಸಿಗುತ್ತದೆ. ಮೊದಲನೆಯದರಲ್ಲಿ ಅವರು ಮೆಣಸಿನಕಾಯಿ ಚೀಲ ಹೊರುತ್ತಿದ್ದ ಹಮಾಲ. ಬೆವರು ಸುರಿಸಿ ಸುರಿಸಿ ಮೂರು ಕೋಲ್ಡ್ ಸ್ಟೋರೇಜು, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆ, ರಾಣೇಬೆನ್ನೂರಿನಲ್ಲಿ ಒಂದು ಬೀಜದ ಕಂಪನಿ ಕಟ್ಟಿದವರು. ಎರಡನೆಯದರಲ್ಲಿ ಜಿಲ್ಲೆಯ ರಾಜಕಾರಣಿಗಳೆಲ್ಲ ಅವರ ಅಂಗಿ ಕಿಸೆಯಲ್ಲಿದ್ದಾರೆ. ಹಾವೇರಿಯಲ್ಲಿ ಎಲೆ ಅಲುಗಬೇಕಾದರೂ ಬ್ಯಾಡಗಿಯಿಂದ ಗಾಳಿ ಬೀಸಬೇಕು.

ಎರಡಕ್ಕೂ ನನ್ನ ಪ್ರಶ್ನೆ ಒಂದೇ. ಆಧಾರ ಏನು?

ಅವರು ಹಮಾಲಿ ಮಾಡಲಿಲ್ಲ. ಅವರ ತಂದೆಗೆ ಗುತ್ತಲದಲ್ಲಿ ಕಾಳುಕಡಿಯ ಅಂಗಡಿ ಇತ್ತು. ಹುಡುಗನಾಗಿ ಹೊತ್ತದ್ದು ಪಾಟಿಚೀಲ ಮಾತ್ರ. ಇದನ್ನು ಅವರೇ ಹತ್ತು ಸಭೆಗಳಲ್ಲಿ ಹೇಳಿದ್ದಾರೆ, ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಮಾಲನ ಕತೆ ಕೇಳಲು ಚಲೋ ಇರುತ್ತದೆ. ಇನ್ನು ಕಿಸೆಯ ಮಾತು. ಕಿಸೆಯಲ್ಲಿರುವವರ ಜೊತೆ ಯಾರಾದರೂ ತಾಸುಗಟ್ಟಲೆ ವಾದ ಮಾಡುತ್ತಾರೆಯೇ? ಮಾಡಿ ಸೋಲುತ್ತಾರೆಯೇ? ಈ ಮನುಷ್ಯ ವಾದ ಮಾಡಿದ್ದನ್ನೂ ಸೋತದ್ದನ್ನೂ ನಾನು ನೋಡಿದ್ದೇನೆ. ಎದುರಿಗೇ ಕೂತಿದ್ದೆ. ನನ್ನ ಕೆಲಸವೇ ಅದಾಗಿತ್ತು.

ಹದಿಮೂರು ವರ್ಷ ನಾನು ಗುರುಸಿದ್ದಪ್ಪನವರ ಎದುರು ಕುರ್ಚಿಯಲ್ಲಿ ಕೂತು, ಅವರು ಹೇಳಿದ್ದಕ್ಕೆಲ್ಲ ‘ಅಲ್ಲ’ ಅಂದೆ. ಅದಕ್ಕೇ ಪಗಾರ ಕೊಡುತ್ತಿದ್ದರು. ಕಾಗದದ ಮೇಲೆ ನಾನು ‘ಕಚೇರಿ ಸಹಾಯಕಿ’. ಹಮಾಲರು ಇಟ್ಟ ಹೆಸರು ‘ಜಗಳಗಂಟಿ’. ಎರಡನೆಯದೇ ಖರೆ. ಮೂವತ್ತೇಳನೇ ವಯಸ್ಸಿಗೆ ನಿವೃತ್ತಿ ಎಂದರೆ ನಗುವವರಿದ್ದಾರೆ. ಕ್ರಿಕೆಟ್ ಆಡುವವರು ಅದೇ ವಯಸ್ಸಿಗೆ ಬ್ಯಾಟು ಇಟ್ಟರೆ ಯಾರೂ ನಗುವುದಿಲ್ಲ. ನಾಲಿಗೆಯೂ ಮೊಣಕಾಲಿನ ಹಾಗೇ ಸವೆಯುತ್ತದೆ ಎಂದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಬರುವ ಸೋಮವಾರ ಆ ಕುರ್ಚಿಗೆ ಹಾವೇರಿಯ ಕಾಲೇಜಿನಿಂದ ಹೊಸಬರಿಬ್ಬರು ಬರುತ್ತಿದ್ದೀರಿ. ಇದು ನಿಮಗಾಗಿ. ನನ್ನ ಪಗಾರ ಎಷ್ಟೆಷ್ಟು ಸಲ ಏರಿತು ಎಂದು ಬರೆಯುವುದಿಲ್ಲ. ಬರೆಯಬೇಕಾಗಿರುವುದು ಒಂದು ಮುಂಜಾನೆಯ ಬಗ್ಗೆ. ಆ ಮುಂಜಾನೆ ‘ಅಲ್ಲ’ ಅನ್ನಬೇಕಾದಲ್ಲಿ ನಾನು ‘ಹೌದು’ ಅಂದೆ. ಎಂಬತ್ತು ಮಂದಿ ಹೆಣ್ಣುಮಕ್ಕಳ ಕೆಲಸ ಹೋಯಿತು. ಅದು ನನ್ನ ತಪ್ಪೋ ಅಲ್ಲವೋ ಎಂಬುದು ಇನ್ನೂ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿದೆ. ಅಲ್ಲಿಗೆ ಬರುವ ಮೊದಲು ಕುರ್ಚಿ ಎಂಥದು ಎಂದು ನಿಮಗೆ ತಿಳಿದಿರಬೇಕು.

ನಾನು ಅಲ್ಲಿಗೆ ಹೋದದ್ದು ಒಂದು ಚರ್ಚಾಸ್ಪರ್ಧೆಯಿಂದ. ಹಲಗೇರಿಯಿಂದ ದಿನಾ ಬಸ್ಸಿನಲ್ಲಿ ಹಾವೇರಿಗೆ ಹೋಗಿ ಎಂ.ಎ. ಓದುತ್ತಿದ್ದೆ. ಆ ವರ್ಷದ ವಿಷಯ ‘ವ್ಯಾಪಾರಿ ಸಮಾಜಕ್ಕೆ ಹೊರೆ’. ನಾನು ಪರವಾಗಿ ಮಾತಾಡಿ ವ್ಯಾಪಾರಿಯನ್ನು ಉಣ್ಣಿಗೆ ಹೋಲಿಸಿದೆ. ಆಕಳ ಮೈಗೆ ಹತ್ತಿ ಕೂತು ತಾನೇ ಹಾಲು ಕೊಡುತ್ತೇನೆ ಅನ್ನುವ ಉಣ್ಣಿ. ಸಭಾಂಗಣ ಚಪ್ಪಾಳೆ ತಟ್ಟಿತು. ಬಹುಮಾನ ಕೊಡಲು ಎದ್ದವರು ಮುಖ್ಯ ಅತಿಥಿ, ಜಿಲ್ಲೆಯ ಅತಿ ದೊಡ್ಡ ವ್ಯಾಪಾರಿ ಗುರುಸಿದ್ದಪ್ಪನವರು. ಬಿಳಿ ಧೋತರ, ಕಪ್ಪು ಟೊಪ್ಪಿಗೆ. ಬಹುಮಾನದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು:

“ತಂಗಿ, ಈಗ ಇದರ ವಿರುದ್ಧ ಐದು ನಿಮಿಷ ಮಾತಾಡ್ತೀಯೇನು?”

ಮಾತಾಡಿದೆ. ಅದು ಮೊದಲಿನದಕ್ಕಿಂತ ಚಲೋ ಬಂತು.

“ಎರಡರಾಗ ಖರೇ ಯಾವುದು?”

“ಯಾವುದಕ್ಕ ಕಪ್ಪು ಕೊಡ್ತೀರಿ, ಅದು ಖರೇರಿ.”

ಪ್ರಾಚಾರ್ಯರ ಮುಖ ಬಿಳಿಚಿಕೊಂಡಿತು. ಸಾವಕಾರರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸೋಮವಾರ ಮುಂಜಾನಿ ಏಳಕ್ಕ ಅಂಗಡಿಗೆ ಬಾ” ಅಂದರು.

ಪದ್ಧತಿ ಹೀಗಿತ್ತು. ಮಾರ್ಕೆಟ್ ಯಾರ್ಡಿನ ಹತ್ತಿರ ಅವರ ದಲಾಲಿ ಅಂಗಡಿ. ಹಿಂದಿನ ಕೋಣೆಯಲ್ಲಿ ಎದುರುಬದುರು ಎರಡು ಕುರ್ಚಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಆ ದಿನ ಬಂದ ಮಾಲಿನದೊಂದು ಹಿಡಿ ಮೆಣಸಿನಕಾಯಿ. ಅವರು ತಾವು ಮಾಡಬೇಕೆಂದಿರುವುದನ್ನು ಹೇಳುತ್ತಿದ್ದರು. ನಾನು ಅದನ್ನು ಕೆಡವಬೇಕು. ನನ್ನ ಮಾತು ನಿಂತಾಗ ಅವರು ಒಂದು ಸಲ “ಮತ್ತ?” ಅನ್ನುತ್ತಿದ್ದರು, ಇನ್ನೇನಾದರೂ ಉಳಿದಿದ್ದರೆ ಹೇಳು ಎಂದು. ಒಂದೇ ಸಲ. ನಾನು “ಮುಗೀತ್ರಿ” ಅಂದ ಮೇಲೆಯೇ ತೀರ್ಮಾನ.

ಮೊದಲ ದಿನ ನಾನು ತಕರಾರು ತೆಗೆದೆ. “ನೀವು ಹೇಳಿದ್ದು ಖರೇನ ಇದ್ರ?”

“ಖರೇ ಏನೈತಿ ಅನ್ನೋದು ನನ್ನ ಜವಾಬ್ದಾರಿ. ಎದುರಿಗೆ ಏನೈತಿ ಅನ್ನೋದು ನಿಂದು. ಎರಡೂ ನಾನ ಮಾಡಾಕ ಹೋದ್ರ ಒಂದು ಕಣ್ಣು ಕುರುಡಾಗತೈತಿ.”

ಆಗ ಇದನ್ನು ಶ್ರೀಮಂತರ ಚಟ ಅಂದುಕೊಂಡಿದ್ದೆ. ಕೆಲವರು ನಾಯಿ ಸಾಕುತ್ತಾರೆ, ಇವರು ವಾದಗಿತ್ತಿಯನ್ನು ಸಾಕಿದ್ದಾರೆ ಎಂದು. ಹಾಗಲ್ಲ ಎಂದು ತಿಳಿಯಲು ಒಂದು ಚೀಲ ಬೇಕಾಯಿತು.

ಆ ಹಂಗಾಮಿನಲ್ಲಿ ತೂಕಕ್ಕೂ ಹೊಳಪಿಗೂ ಎಂದು ಕೆಲವರು ಮೆಣಸಿನಕಾಯಿಗೆ ನೀರು ಚಿಮುಕಿಸಿ ತರುತ್ತಿದ್ದರು. ನೀರು ಹೊಡೆದ ಮಾಲು ಮುಟ್ಟುವುದಿಲ್ಲ ಎಂದು ಸಾವಕಾರರು ನಿಶ್ಚಯಿಸಿದ್ದರು. ನಾನು ಅದನ್ನು ಕೆಡವಿದೆ. ಉಳಿದವರೆಲ್ಲ ಕೊಳ್ಳುತ್ತಾರೆ, ಒಣಗಿಸಿದರೆ ಆಯಿತು, ನೀವು ಬಿಟ್ಟ ಮಾಲು ನಿಮ್ಮ ಪ್ರತಿಸ್ಪರ್ಧಿಗೆ ಹೋಗುತ್ತದೆ. ಲೆಕ್ಕ ಹಾಕಿದಂತೆ ಒಂದರ ಮೇಲೊಂದು ಇಟ್ಟೆ. ಅವರು ಎದ್ದು ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋಗಿ, ಒಂದು ಚೀಲದ ಬಾಯಿ ಬಿಚ್ಚಿಸಿ, “ಕೈ ಹಾಕು” ಅಂದರು. ಹಾಕಿದೆ. “ಇನ್ನೂ ಒಳಗ.” ಮೊಣಕೈ ತನಕ ಇಳಿಸಿದೆ. ಮೇಲೆ ತಣ್ಣಗಿತ್ತು. ಚೀಲದ ಹೊಟ್ಟೆ ಜ್ವರ ಬಂದ ಮೈ ಹಾಗೆ ಸುಡುತ್ತಿತ್ತು. ನೀರು ಕುಡಿದ ಮೆಣಸಿನಕಾಯಿ ಒಳಗೊಳಗೇ ಕಾದು ಬೂಸು ಹಿಡಿಯುತ್ತದೆ.

“ನೀ ಹೇಳಿದ್ದು ಎಲ್ಲಾ ಸರಿ ಇತ್ತು ತಂಗಿ. ಕೈ ಹಾಕದ ಹೇಳಿದಿ, ಅಷ್ಟ.”

ಆ ಕೈ ಉರಿ ಇಡೀ ದಿನ ಇಳಿಯಲಿಲ್ಲ. ನಳದ ಕೆಳಗೆ ಹಿಡಿದಷ್ಟೂ ಹೆಚ್ಚಾಯಿತು. ಗೋದಾಮಿನ ಪಕ್ಕದಲ್ಲೇ ತೊಟ್ಟಿನ ಶೆಡ್. ಎಂಬತ್ತು ಮಂದಿ ಹೆಣ್ಣುಮಕ್ಕಳು ರಾಶಿಯ ಸುತ್ತ ಕೂತು, ಒಂದೊಂದೇ ಕಾಯಿಯ ತೊಟ್ಟು ಬಿಡಿಸುವ ಜಾಗ. ಅಲ್ಲಿಂದ ಒಬ್ಬ ಹೆಂಗಸು ಎದ್ದು ಬಂದಳು. ಮಾಬೂಬಿ, ಆ ಶೆಡ್ಡಿನ ಹಿರಿಯಳು.

“ಏ ಸಾಲಿ ಕಲಿತಾಕಿ, ನೀರು ಹಾಕಬ್ಯಾಡ. ಉರಿ ಅಲ್ಲೇ ಮನಿ ಮಾಡತೈತಿ. ಮೊದಲ ಎಣ್ಣಿ, ಆಮ್ಯಾಲೆ ಸಬಕಾರ ಹಚ್ಚಿ ತೊಳಿ.” ತನ್ನ ಸೆರಗಿನ ಗಂಟಿನಿಂದ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು ನನ್ನ ಕೈಗೆ ಸವರಿದಳು. “ನೀ ಏನ್ ಕೆಲಸ ಮಾಡ್ತೀ ಇಲ್ಲಿ?”

“ಸಾವ್ಕಾರ್ರ ಕೂಡ ವಾದ ಮಾಡ್ತೀನಿ ಅಕ್ಕ.”

“ಯಾ ಅಲ್ಲಾ! ಅದಕ್ಕ ಪಗಾರ ಕೊಡತಾರ? ನಾ ನನ್ನ ಗಂಡನ ಕೂಡ ಇಪ್ಪತ್ತು ವರ್ಷ ಪುಕ್ಕಟೆ ಮಾಡೇನಲ್ಲ!”

ಶೆಡ್ಡೆಲ್ಲ ನಕ್ಕಿತು. ಅಂದಿನಿಂದ ಅವಳು ನನಗೆ ಮಾಬೂಬಿ ಅಕ್ಕ.

ಇನ್ನು ರಾಜಕಾರಣ. ಇಲ್ಲಿ ನಾನು ನಿಮಗೆ ಪ್ರಾಮಾಣಿಕವಾಗಿರಬೇಕು. ಅವರ ವಿಚಾರಗಳಲ್ಲಿ ಅರ್ಧ ನನಗೆ ಒಪ್ಪಿಗೆ ಇಲ್ಲ. ಅವರು ಹಳೆಯದರ ಪರ. ಮನೆತನ, ಮಠ, ಕಟ್ಟಳೆ; ಸರಕಾರ ಸಣ್ಣದಿರಬೇಕು; ಪುಕ್ಕಟೆ ಕೊಡುವುದು ಬೇಡ. ಪ್ರತಿ ಸಭೆಯಲ್ಲಿ ಅವರು ಹೇಳುವ ಒಂದು ಮಾತಿದೆ: “ಕೈಗೆ ಕೆಲಸ ಕೊಡ್ರಿ, ಕೈ ಒಡ್ಡೋದು ಕಲಸಬ್ಯಾಡ್ರಿ.” ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವರು ಒಂದು ಚುನಾವಣೆಗೂ ನಿಲ್ಲಲಿಲ್ಲ. ಆದರೆ ಪೇಟೆಯ ವ್ಯಾಪಾರಸ್ಥರು, ಬೀಜ ಬೆಳೆಯುವ ರೈತರು ಅವರ ಮಾತಿಗೆ ಕಿವಿ ಕೊಡುತ್ತಿದ್ದರು; ಹಾಗಾಗಿ ಟಿಕೆಟ್ ಬೇಕಾದವರು ಮೊದಲು ಬರುತ್ತಿದ್ದುದು ನಮ್ಮ ಹಿಂದಿನ ಕೋಣೆಗೆ. ಬಂದವರನ್ನು ಅವರು ನನ್ನ ಎದುರಿಗೆ ಕೂರಿಸುತ್ತಿದ್ದರು.

ರಾಣೇಬೆನ್ನೂರು ಕಡೆಯ ಒಬ್ಬ ಆಕಾಂಕ್ಷಿ ನೆನಪಾಗುತ್ತಾನೆ. ಗಂಜಿ ಹಾಕಿದ ಅಂಗಿ ಎಷ್ಟು ಬಿರುಸಾಗಿತ್ತೆಂದರೆ ಮನುಷ್ಯ ಎದ್ದು ಹೋದರೂ ಅಂಗಿ ಕೂತಿರುತ್ತಿತ್ತು.

“ಈ ತಂಗಿ ಯಾರ್ರಿ ಸಾವ್ಕಾರ್ರ? ಮಗಳೇನು?”

“ಅಲ್ಲಪ. ನನ್ನ ಎದುರು ಪಕ್ಷ.”

“ನಿಮ್ಮ ಮನ್ಯಾಗ?”

“ಹೊರಗಿಂದು ಐದು ವರ್ಷಕ್ಕೊಮ್ಮೆ ಏಳತೈತಿ. ಈಕಿ ದಿನಾ ಮುಂಜಾನಿ ಏಳಕ್ಕ ಬರತಾಳ. ಮೊದಲ ಈಕಿ ಕೂಡ ಮಾತಾಡು. ಉಳದ್ರ ನನ್ನ ಕೂಡ.”

ಸರಕಾರ ಸಣ್ಣದಿರಬೇಕು ಎಂದು ಅವನು ಸಾವಕಾರರಿಗೆ ಇಷ್ಟವಾಗುವ ಪಾಠ ಒಪ್ಪಿಸಿದ. ನಿಮ್ಮ ಓಣಿಯ ನಳ ಕೆಟ್ಟರೆ ಯಾರು ಸರಿ ಮಾಡಬೇಕು ಎಂದು ಕೇಳಿದೆ. ಸರಕಾರ ಅಂದ. ರಸ್ತೆ? ಸರಕಾರ. ಕೆರೆ? ಸರಕಾರ. “ಹಂಗಾರ ಸಣ್ಣ ಸರಕಾರದ ಕೈಯಾಗ ನಳ ತಿರುವಾಕ ಭಾಳ ದೊಡ್ಡ ಪಾನಾ ಕೊಟ್ಟೀರಲ್ರಿ” ಅಂದೆ. ಅವನು ಸಾವಕಾರರ ಕಡೆ ತಿರುಗಿ, “ಈಕಿನ್ನ ನಿಲ್ಲಸ್ರಿ ಎಲೆಕ್ಷನ್ನಿಗೆ” ಎಂದು ಎದ್ದು ಹೋದ.

ಅವನಿಗೆ ಸಾವಕಾರರ ಬೆಂಬಲ ಸಿಗಲಿಲ್ಲ. ನಾನು ಗೆದ್ದೆ ಎಂದು ಬೀಗಿದೆ. ಅವರು ತಲೆ ಅಲ್ಲಾಡಿಸಿದರು. “ನಿನಗ ಸೋತ ಅಂತ ನಾ ಅವನ್ನ ಬ್ಯಾಡ ಅನ್ನಲಿಲ್ಲ. ಸೋತ ಮ್ಯಾಲೆ ನಿನ್ನ ಕಡೆ ನೋಡಲಿಲ್ಲ, ಅದಕ್ಕ ಬ್ಯಾಡ. ಮನಷಾ ಗೆಲ್ಲೋದು ಹೆಂಗಂತ ನೋಡಬಾರದು, ಸೋಲೋದು ಹೆಂಗಂತ ನೋಡಬೇಕು.”

ಆಕ್ಷೇಪ ಬರಬಹುದು: ಇದೆಲ್ಲ ಬಾಯಿಮಾತು, ಅವರು ಸೋತದ್ದು ಎಲ್ಲಿ? ಸೋತಿದ್ದಾರೆ. ಯಾರ್ಡಿನಲ್ಲಿ ಕೊಳ್ಳುವ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುವ ಟೆಂಡರ್ ಹೋಗಿ ಕಂಪ್ಯೂಟರ್ ಟೆಂಡರ್ ಬರುವುದೆಂದಾಗ ವ್ಯಾಪಾರಸ್ಥರೆಲ್ಲ ಗೊಣಗಿದರು. ಹಳೆಯದರ ಪರದ ಮನುಷ್ಯ, ಇವರೂ ಗೊಣಗಿದರು. ನಾನು ಎರಡು ಮುಂಜಾನೆ ವಾದಿಸಿದೆ. ಚೀಟಿಯಲ್ಲಿ ಅಕ್ಷರ ಅಳಿಸಿದರೆ ಸಾಕ್ಷಿ ಯಾರು, ಆ ದಿನದ ಧಾರಣೆ ಹೊಲದಲ್ಲಿ ನಿಂತ ರೈತನಿಗೆ ಎಷ್ಟೊತ್ತಿಗೆ ತಿಳಿಯುತ್ತದೆ ಎಂದು ಕೇಳಿದೆ. ಮೂರನೆಯ ದಿನ ಅವರು ವ್ಯಾಪಾರಸ್ಥರ ಸಭೆಯಲ್ಲಿ ಎದ್ದು ನಿಂತು, “ನಾ ತಪ್ಪು ತಿಳದಿದ್ನಿ, ನಮ್ಮ ಎದುರು ಪಕ್ಷ ತಿದ್ದಿತು” ಎಂದರು. ಅಷ್ಟು ಮಂದಿಯ ಮುಂದೆ ಹಾಗನ್ನುವ ಧೈರ್ಯ ನನಗಿಲ್ಲ. ಇದ್ದಿದ್ದರೆ ಈ ಬರೆಹ ಇನ್ನೂ ಚಿಕ್ಕದಾಗುತ್ತಿತ್ತು.

ಎಲ್ಲದರಲ್ಲೂ ಸೋಲಲಿಲ್ಲ, ಅದನ್ನೂ ಹೇಳಬೇಕು. ಹಾವೇರಿಯಲ್ಲಿ ಅವರು ಹುಡುಗಿಯರಿಗೆ ಹಾಸ್ಟೆಲ್ ಕಟ್ಟಿಸಿದರು. ಸಂಜೆ ಆರೂವರೆಗೆ ಗೇಟು ಬಂದ್. ಗ್ರಂಥಾಲಯ ಎಂಟರ ತನಕ ತೆರೆದಿರುತ್ತದೆ, ಹುಡುಗಿಯರು ಓದುವುದು ಬೇಡವೇ ಎಂದು ಮೂರು ವರ್ಷ ಹೊಡೆದಾಡಿದೆ. “ಅವರ ಅಪ್ಪ ಅವ್ವ ನನ್ನ ಮ್ಯಾಲೆ ಭರವಸಾ ಇಟ್ಟು ಕಳಸ್ಯಾರ” ಎಂಬ ಒಂದೇ ಮಾತಿಗೆ ಅಂಟಿಕೊಂಡರು. ಹಾಸ್ಟೆಲು ಒಳ್ಳೆಯದು. ಗೇಟು ತಪ್ಪು. ಇವತ್ತಿಗೂ ಹಾಗೇ ಅನ್ನುತ್ತೇನೆ. ನೀವಿಬ್ಬರೂ ಅದನ್ನು ಮುಂದುವರಿಸಿ.

ಈಗ ಆ ಮುಂಜಾನೆ.

ನಾನು ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ. ಬುಧವಾರ, ಟೆಂಡರ್ ಇಲ್ಲದ ದಿನ. ಸ್ಟೂಲಿನ ಮೇಲೆ ಡಬ್ಬಿ ಮೆಣಸಿನಕಾಯಿ. ಗಿಡ್ಡ, ದುಂಡು, ಮೈತುಂಬ ಸುಕ್ಕು, ನಮ್ಮ ಕಡೆಯ ಅತಿ ಒಳ್ಳೆಯ ಜಾತಿ. ಸಾವಕಾರರು ಅದರಲ್ಲೊಂದನ್ನು ಕೈಯಲ್ಲಿ ಹಿಡಿದು, “ತೊಟ್ಟಿನ ಶೆಡ್ ಮುಚ್ಚಿ ಮಶೀನ್ ತರಬೇಕಂತ ಮಾಡೇನಿ. ಹೇಳು” ಅಂದರು.

ನನ್ನ ತಲೆಯಲ್ಲಿ ಮೂರು ಎದುರು ಮಾತು ತಾವಾಗಿಯೇ ಸಾಲು ನಿಂತವು. ಅಭ್ಯಾಸ ಹಾಗೆ. ಒಂದು, ಡಬ್ಬಿ ಕಾಯಿ ಯಂತ್ರದ ಬಾಯಲ್ಲಿ ಒಡೆದು ಬೀಜ ಉದುರುತ್ತದೆ. ಎರಡು, ಎಂಬತ್ತು ಮಂದಿ ಎಲ್ಲಿ ಹೋಗಬೇಕು? ಮೂರನೆಯದೇ ದೊಡ್ಡ ಹೊಡೆತ: ‘ಕೈಗೆ ಕೆಲಸ ಕೊಡ್ರಿ’ ಎಂದು ಊರೂರು ಹೇಳುವವರು ನೀವು, ನಿಮ್ಮ ಗೋಡೆಯ ಆಚೆಯ ಕೈಗಳ ಗತಿ ಏನು?

ಮೂರನ್ನೂ ನುಂಗಿದೆ. ಯಾಕೆಂದರೆ ಆ ಶೆಡ್ಡನ್ನು ನಾನು ಒಂಬತ್ತು ವರ್ಷ ನೋಡಿದ್ದೆ. ಘಾಟಿಗೆ ಕೆಮ್ಮುವವರು, ಕಣ್ಣಲ್ಲಿ ನೀರು ಸುರಿಯುವವರು, ಬೆರಳ ತುದಿ ಸೀಳಿ ಹೋದ ಮಾಬೂಬಿ ಅಕ್ಕ. ಮೊದಲ ಸಲ ಸಾವಕಾರರ ಮಾತೂ ನನ್ನ ಮನಸ್ಸೂ ಒಂದೇ ಕಡೆ ಇದ್ದವು.

“ಸಾವ್ಕಾರ್ರ, ಇದಕ್ಕ ನನ್ನ ಕಡೆ ಎದುರು ಮಾತಿಲ್ರಿ. ಮಶೀನ್ ಬರಬೇಕು.”

ಅವರು ನನ್ನನ್ನೇ ನೋಡಿದರು. “ಮತ್ತ?”

“ಏನಿಲ್ರಿ. ಆ ಘಾಟಿನ್ಯಾಗ ಯಾರೂ ಕುಂದ್ರಬಾರದು.”

ಕೈಯಲ್ಲಿದ್ದ ಕಾಯಿಯ ತೊಟ್ಟನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಒಂದು ಬೀಜವೂ ಉದುರಲಿಲ್ಲ. “ಮತ್ತ?”

“ನೀವ ಸರಿ ಅದೀರಿ.”

ಹೊರಗೆ ಯಾರೋ ತಕ್ಕಡಿ ಎಳೆಯುವ ಸಪ್ಪಳ. ಅದು ನಿಲ್ಲುವ ತನಕ ಕಾದರು. “ಮತ್ತ?”

“ಮುಗೀತ್ರಿ.”

ಮೂರು ಸಲ. ಒಂಬತ್ತು ವರ್ಷದಲ್ಲಿ ಎಂದೂ ಹಾಗೆ ಕೇಳಿದವರಲ್ಲ. ನನ್ನ ಗಟ್ಟಿತನ ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಕೋಣೆಯಿಂದ ಹೊರಬಂದಾಗ ನನಗೆ ಹೆಮ್ಮೆ ಆಗಿತ್ತು. ಕೊನೆಗೂ ಮನಸ್ಸಿನಲ್ಲಿದ್ದುದನ್ನೇ ಹೇಳಿದೆನಲ್ಲ ಎಂದು.

ಮೂರು ತಿಂಗಳಿಗೆ ಮಶೀನ್ ಬಂತು, ಶೆಡ್ಡಿಗೆ ಬೀಗ ಬಿತ್ತು. ಹೆಣ್ಣುಮಕ್ಕಳಿಗೆ ತಲೆಗೊಂದು ಹೊಲಿಗೆ ಮಶೀನ್ ಕೊಡುವುದೆಂದು ಸಾವಕಾರರು ಹೇಳಿ ಕಳಿಸಿದರು. ಮಾಬೂಬಿ ಅಕ್ಕ ಅಂಗಡಿಯ ಕಟ್ಟೆಗೆ ಬಂದಳು. ಸಾವಕಾರರು ರಾಣೇಬೆನ್ನೂರಿಗೆ ಹೋಗಿದ್ದರು, ಸಿಕ್ಕವಳು ನಾನು.

“ಎಂಬತ್ತು ಮಂದಿ ಹೊಲಿಯಾಕ ಕುಂತ್ರ ಬ್ಯಾಡಗ್ಯಾಗ ಅಷ್ಟು ಹರಕ ಅರಬಿ ಎಲ್ಲಿಂದ ತರೋಣವಾ?”

ನಾನು ನಗಲಿಲ್ಲ. ಅವಳೂ ನಗಲಿಲ್ಲ.

“ನೀ ಏನಂದಿ ಅವತ್ತ? ಜಗಳಗಂಟಿ ಅನ್ನೋದು ಹೆಸರಷ್ಟ ಏನು?”

“ನಿನ್ನ ಕೈ ಉರೀಬಾರದು ಅಂದೆ ಅಕ್ಕ.”

“ಕೈ ನಂದು. ಉರಿ ನಂದು. ನೀ ನನ್ನ ಕೇಳಿದೇನು?”

ಕೇಳಿರಲಿಲ್ಲ. ಗೋಡೆಯ ಆಚೆ, ಇಪ್ಪತ್ತು ಹೆಜ್ಜೆ. ಚೀಲಕ್ಕೆ ಕೈ ಹಾಕದೆ ಮಾತಾಡಿ ಒಮ್ಮೆ ಸುಟ್ಟುಕೊಂಡವಳು ಮತ್ತೆ ಕೈ ಹಾಕದೆ ಮಾತಾಡಿದ್ದೆ. ಘಾಟು ತಪ್ಪಬೇಕಿತ್ತು, ಅದು ಖರೆ. ಅದಕ್ಕೆ ಫ್ಯಾನು ಹಾಕಿಸಿ, ಮುಖಕ್ಕೆ ಮಾಸ್ಕ್ ಕೊಡಿಸಿ ಎಂಬ ನಾಲ್ಕನೆಯ ಮಾತು ನನಗೆ ಹೊಳೆಯಲೇ ಇಲ್ಲ. ವಾದ ಶುರು ಮಾಡಿದ್ದರೆ ಹೊಳೆಯುತ್ತಿತ್ತು. ಒಪ್ಪಿಕೊಂಡ ತಲೆ ಮುಂದೆ ಓಡುವುದಿಲ್ಲ. ಹೊಸಬರೇ, ಈ ಕೆಲಸದಲ್ಲಿ ಇದೊಂದೇ ಅಪಾಯ: ನಿಮಗೆ ಮನಸಾರೆ ಒಪ್ಪಿಗೆಯಾದ ದಿನವೇ ನಿಮ್ಮ ಎದುರು ಮಾತು ಅತಿ ಹೆಚ್ಚು ಬೇಕಾಗಿರುತ್ತದೆ.

ಹೊಲಿಗೆ ಮಶೀನ್ ಹತ್ತು ಮಂದಿಯೂ ಒಯ್ಯಲಿಲ್ಲ. ಉಳಿದವರು ಚದುರಿದರು. ಮಾಬೂಬಿ ಅಕ್ಕ ಮತ್ತು ಕೆಲವರು ಟೆಂಪೋದಲ್ಲಿ ನಮ್ಮ ಹಲಗೇರಿಯ ಕಡೆ ಬೀಜದ ಹೊಲಗಳಿಗೆ, ಹೈಬ್ರಿಡ್ ಬೀಜಕ್ಕಾಗಿ ಹೂವಿಗೆ ಹೂವು ಮುಟ್ಟಿಸುವ ಕೂಲಿಗೆ ಹೋಗತೊಡಗಿದರು. ಆ ಕೂಲಿ ಹೂವು ಇರುವಷ್ಟು ದಿನ ಮಾತ್ರ. ಶೆಡ್ ವರ್ಷವಿಡೀ ಇತ್ತು.

ಅಷ್ಟರಲ್ಲಿ ಚುನಾವಣೆ ಬಂತು. ಬ್ಯಾಡಗಿಯಲ್ಲಿ ಸಂಜೆ ಐದಕ್ಕೆ ಬಹಿರಂಗ ಸಭೆ. ಸಾವಕಾರರ ಆಯ್ಕೆಯ ಅಭ್ಯರ್ಥಿ ವೇದಿಕೆಯ ಮೇಲೆ. ನಾನು ವೇದಿಕೆಯ ಪಕ್ಕದಲ್ಲಿ ಕಾಗದ ಪೆನ್ನು ಹಿಡಿದು. ಸಾವಕಾರರು ಮಾತಿನ ನಡುವೆ ಆ ಮಾತಿಗೆ ಬಂದರು: “ಕೈಗೆ ಕೆಲಸ ಕೊಡ್ರಿ, ಕೈ ಒಡ್ಡೋದು ಕಲಸಬ್ಯಾಡ್ರಿ.” ಚಪ್ಪಾಳೆ ಬಿತ್ತು. ಚಪ್ಪಾಳೆ ಇಳಿಯುವಾಗ ಹೆಂಗಸರ ಸಾಲಿನಲ್ಲಿ ಮಾಬೂಬಿ ಅಕ್ಕ ಎದ್ದು ನಿಂತಳು. ಎರಡೂ ಕೈ ಮೇಲೆತ್ತಿದಳು, ಬೆರಳು ಅಗಲಿಸಿ.

“ಸಾವ್ಕಾರ್ರ, ಕೈ ಇಲ್ಲೇ ಅದಾವ್ರಿ. ಕೆಲಸ ಎಲ್ಲೈತಿ?”

ಯಾರೋ “ಕುಂದ್ರಬೇ” ಅಂದರು. “ನೀ ಕುಂದ್ರು” ಅಂದಳು. ಸಭೆ ನಕ್ಕಿತು. ನಾನು ನುಂಗಿದ ಮೂರನೆಯ ಮಾತು ಅವಳ ಬಾಯಿಂದ, ಸಾವಿರ ಮಂದಿಯ ಮುಂದೆ ಬಂದಿತ್ತು.

ನಾನೇನು ಮಾಡಿದೆ ಗೊತ್ತೇ? ಐದು ಉತ್ತರ ಬರೆದೆ. ಹೊಲಿಗೆ ಮಶೀನ್ ಕೊಟ್ಟದ್ದು, ಕಾಲ ಬದಲಾದದ್ದು, ಕಾರ್ಖಾನೆಯಲ್ಲಿ ಬೇರೆಯವರಿಗೆ ಕೆಲಸ ಆದದ್ದು, ಹೀಗೆ. ನನ್ನ ಸಾಮರ್ಥ್ಯಕ್ಕೆ ನನಗೇ ಈಗ ಹೇಸಿಗೆ. ಚೀಟಿಯನ್ನು ಮೇಲೆ ಕೊಟ್ಟೆ. ಸಾವಕಾರರು ಓದಿದರು. ನಾಲ್ಕಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಆಮೇಲೆ ಮಾಬೂಬಿ ಅಕ್ಕನ ಕಡೆಯೇ ನೋಡುತ್ತ ಮೈಕಿನಲ್ಲಿ ಹೇಳಿದರು:

“ಉತ್ತರ ಇಲ್ಲವಾ ನನ್ನ ಕಡೆ. ಸಿಗೋ ತನಕ ಈ ಮಾತು ಆಡಂಗಿಲ್ಲ.”

ಅಭ್ಯರ್ಥಿ ಅವರ ಧೋತರದ ಚುಂಗು ಹಿಡಿಯುವುದೊಂದು ಬಾಕಿ. “ಸಾವ್ಕಾರ್ರ, ಏನ್ ಮಾಡಾಕತ್ತೀರಿ!” ಅವರು ಮೆಟ್ಟಿಲಿಳಿದು ಬಂದು ಕಾರು ಹತ್ತಿದರು. ಆ ಚುನಾವಣೆಯಲ್ಲಿ ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ಅಭ್ಯರ್ಥಿ ಸೋತ. ಅದರಿಂದಲೇ ಸೋತ ಎಂದು ಪೇಟೆ ಹೇಳುತ್ತದೆ. ಅದಕ್ಕೂ ಆಧಾರ ಇಲ್ಲ, ಬಿಡಿ. ಆದರೆ ಮುಖಂಡರು ಬಂದು ಬೇಡಿಕೊಂಡಾಗಲೂ ಅವರು ಅಲುಗಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ಆ ಮೇಲಿನ ಗುರುವಾರ ಮಾಬೂಬಿ ಅಕ್ಕನಿಗೆ ಬರಲು ಹೇಳಿ ಕಳಿಸಿದರು. ಬರಲಿಲ್ಲ. “ಕರದ್ರ ಬರಾಕ ನಾ ಕೋಳಿ ಏನು?” ಎಂದು ಉತ್ತರ ಬಂತು. ಸಾವಕಾರರು ತಾವೇ ಹೋದರು, ಹಲಗೇರಿಯ ಹೊಲಕ್ಕೆ, ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ನಾನು ಹಿಂದೆ. ಅವಳು ಕೆಲಸ ನಿಲ್ಲಿಸಲಿಲ್ಲ. ಹೂವಿನಿಂದ ಹೂವಿಗೆ ನಡೆಯುತ್ತಲೇ ಮಾತಾಡಿದಳು, ಇವರು ಸಾಲಿನುದ್ದಕ್ಕೂ ಹಿಂಬಾಲಿಸಿದರು. ಮಶೀನ್ ಡಬ್ಬಿ ಕಾಯಿಯನ್ನು ಒಡೆಯುತ್ತದೆ, ಅದನ್ನು ಕೈಯಲ್ಲೇ ಬಿಡಿಸಬೇಕು. ಬಣ್ಣ ತೆಗೆಯುವ ಮಾಲು ಮಶೀನಿಗೆ ಹೋಗಲಿ. ಎರಡು ದೊಡ್ಡ ಫ್ಯಾನು ಬೇಕು, ಮೂಗಿಗೆ ಮಾಸ್ಕ್ ಬೇಕು, ಎಣ್ಣೆ ಅಂಗಡಿಯದೇ ಆಗಬೇಕು. ಹೇಳಿ ಮುಗಿಸಿ ಮುಂದಿನ ಹೂವಿಗೆ ಕೈ ಹಾಕಿದಳು.

“ಮತ್ತ?” ಅಂದರು ಸಾವಕಾರರು.

“ಮತ್ತೇನು, ಈ ಹುಡುಗಿಗೆ ಕುರ್ಚಿ ಹಾಕೀರಲ್ಲ, ವಾರಕ್ಕೊಮ್ಮೆ ಅದು ನನಗ.”

ಶೆಡ್ ತೆರೆಯಿತು. ಎಂಬತ್ತರಲ್ಲಿ ಮೂವತ್ತೈದು ಮಂದಿ ಮರಳಿದರು. ಉಳಿದವರು ಬರಲಿಲ್ಲ, ಅಥವಾ ಅವರಿಗೆ ಜಾಗ ಇರಲಿಲ್ಲ. ಇದನ್ನು ಗೆಲುವು ಎಂದು ನಿಮಗೆ ಯಾರಾದರೂ ಹೇಳಿದರೆ, ಉಳಿದ ನಲವತ್ತೈದು ಮಂದಿ ಎಲ್ಲಿದ್ದಾರೆ ಎಂದು ಕೇಳಿ. ನಾನು ಕೇಳುತ್ತಲೇ ಇದ್ದೇನೆ. ಅಂದಿನಿಂದ ಪ್ರತಿ ಗುರುವಾರ ಎದುರು ಕುರ್ಚಿ ಮಾಬೂಬಿ ಅಕ್ಕನದು. ಟೆಂಡರ್ ದಿನ, ಗದ್ದಲದ ದಿನ. ಆದರೂ ಆ ಕೋಣೆಯಿಂದ ಸಾವಕಾರರ ನಗು ಹೊರಗೆ ಕೇಳಿಸುತ್ತದೆ. ನನ್ನ ದಿನಗಳಲ್ಲಿ ಅಷ್ಟು ಕೇಳಿಸುತ್ತಿರಲಿಲ್ಲ ಎಂದು ಹಮಾಲರು ಹೇಳುತ್ತಾರೆ. ಬೇಕೆಂದೇ ಹೇಳುತ್ತಾರೆ.

‘ಕೈಗೆ ಕೆಲಸ’ ಎಂಬ ಮಾತನ್ನು ಅವರು ಮತ್ತೆ ಸಭೆಯಲ್ಲಿ ಆಡಿಲ್ಲ. ಇಷ್ಟು ಪ್ರಭಾವ ಇರುವ ಮನುಷ್ಯ ತನ್ನ ಅತಿ ಪ್ರಿಯವಾದ ಮಾತನ್ನು ತಾನೇ ಕಟ್ಟಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವರ ರಾಜಕಾರಣ ಈಗಲೂ ನನ್ನದಲ್ಲ. ಮನುಷ್ಯ ಮಾತ್ರ ನನ್ನವರು.

ನಾನು ಯಾಕೆ ಬಿಟ್ಟೆ? ಅವರು ಬಾಯಿ ತೆರೆಯುವ ಮೊದಲೇ ಅವರ ಮಾತು ನನಗೆ ಗೊತ್ತಾಗತೊಡಗಿತ್ತು, ನನ್ನದು ಅವರಿಗೆ. ಊಹೆಗೆ ಸಿಕ್ಕ ಎದುರಾಳಿ ಗೋಡೆಗಿಂತ ಹೆಚ್ಚೇನೂ ಅಲ್ಲ. ಕಳೆದ ಶನಿವಾರ ನನ್ನ ಕೊನೆಯ ಮುಂಜಾನೆ. ಎರಡು ಚಹಾ ಬಂದವು. “ಇವತ್ತ ವಿಷಯ ನಿಂದು” ಅಂದರು. ನಾಲ್ಕು ವರ್ಷ ಗಂಟಲಲ್ಲಿ ಹಿಡಿದಿಟ್ಟುಕೊಂಡದ್ದನ್ನು ಕೇಳಿದೆ. ಅವರು ಬಸಿ ತಟ್ಟೆಗೆ ಚಹಾ ಸುರಿದುಕೊಂಡರು. ಕುಡಿಯಲಿಲ್ಲ. ಸ್ಟೂಲಿನ ಮೇಲಿನ ಒಂದು ಡಬ್ಬಿ ಕಾಯಿ ಎತ್ತಿಕೊಂಡು, ತೊಟ್ಟು ಬಿಡಿಸಿ, ಬೀಜ ಉದುರಿತೇ ಎಂದು ಅಂಗೈ ನೋಡಿಕೊಂಡು, ಕಾಯಿಯನ್ನು ನನ್ನ ಕೈಗಿಟ್ಟು, ಟೊಪ್ಪಿಗೆ ಹಾಕಿಕೊಂಡು ಯಾರ್ಡಿನ ಕಡೆ ನಡೆದರು. ಅವರು ಇದನ್ನು ಓದುತ್ತಾರೆ ಎಂದು ನನಗೆ ಗೊತ್ತು. ಹಾಗಾಗಿ ನಾನು ‘ಮುಗೀತ್ರಿ’ ಅನ್ನುವುದಿಲ್ಲ, ಮತ್ತೊಮ್ಮೆ ಕೇಳುತ್ತೇನೆ.

ಸಾವ್ಕಾರ್ರ, ಯಾವತ್ತೂ ಒಂದ ಸಲ ‘ಮತ್ತ’ ಅನ್ನೋರು ಅವತ್ತ ಮೂರು ಸಲ ಅಂದ್ರಿ. ಶೆಡ್ ಉಳೀಲಿ ಅಂತ ನೀವು ಸೋಲಬೇಕಂತನ ಬಂದು ಕುಂತಿದ್ರೇನ್ರಿ?